ಟು-ವೀಲ್ ಡ್ರೈವ್ ಎಸ್‌ಯುವಿಗಳ ಸಸ್ಪೆನ್ಷನ್ ಲಿಫ್ಟ್

ಸಸ್ಪೆನ್ಷನ್ ಲಿಫ್ಟ್ ಎಂದರೆ ವಾಹನದ ಸ್ಪ್ರಿಂಗ್‌ಗಳನ್ನೂ ಅವುಗಳಿಗೆ ಸಂಬಂಧಿಸಿದ ಬಿಡಿಭಾಗಗಳನ್ನೂ ಬದಲಿಸಿ, ವಾಹನದ ಒಡಲನ್ನು ಆಕ್ಸಲ್‌ಗಳಿಂದ ಇನ್ನಷ್ಟು ಮೇಲಕ್ಕೆ ಎತ್ತುವ ಮಾರ್ಪಾಡು. ಕಲ್ಲುಮಣ್ಣಿನ ಹಾದಿ, ಕೊರಕಲು, ಮರಳು ಮೊದಲಾದ ಕಡೆಗಳಲ್ಲಿ ವಾಹನದ ತಳ ನೆಲಕ್ಕೆ ತಾಗದಂತೆ ನೋಡಿಕೊಳ್ಳುವುದು ಮತ್ತು ದೊಡ್ಡ ಟೈರ್‌ಗಳಿಗೆ ಜಾಗ ಮಾಡಿಕೊಡುವುದು ಇದರ ಮುಖ್ಯ ಉದ್ದೇಶಗಳು. ಸಾಮಾನ್ಯವಾಗಿ ನಾಲ್ಕೂ ಚಕ್ರಗಳಿಗೆ ಚಾಲನೆಯುಳ್ಳ ವಾಹನಗಳಲ್ಲಿ ಈ ಮಾರ್ಪಾಡು ಹೆಚ್ಚು. ಆದರೂ ಕಡಿಮೆ ಬೆಲೆಗೆ ಸಿಗುವ ಹಳೆಯ ಟು-ವೀಲ್ ಡ್ರೈವ್ ಎಸ್‌ಯುವಿಗಳನ್ನು ಮಿತವಾದ ವೆಚ್ಚದಲ್ಲಿ ಎತ್ತರಿಸುವ ರೂಢಿಯೂ ಇದೆ. ಇಂತಹ ವಾಹನಗಳಲ್ಲಿ ಲಿಫ್ಟ್‌ನಿಂದ ತಳದ ತೆರವು ಹೆಚ್ಚುತ್ತದೆಯೇ ಹೊರತು ಚಕ್ರಗಳ ಹಿಡಿತ ಹೆಚ್ಚುವುದಿಲ್ಲ. ಆದ್ದರಿಂದ ಟೈರ್, ಡಿಫರೆನ್ಷಿಯಲ್ ಮತ್ತು ಭಾರದ ಹಂಚಿಕೆಗಳು ಎತ್ತರದಷ್ಟೇ, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು, ಮಹತ್ವ ಪಡೆಯುತ್ತವೆ.

ಈ ಲೇಖನದಲ್ಲಿ ಅಮೆರಿಕದ ಜೀಪ್ ಚೆರೋಕಿ ಎಕ್ಸ್‌ಜೆ ವಾಹನವನ್ನು ಮುಖ್ಯ ಉದಾಹರಣೆಯಾಗಿ ತೆಗೆದುಕೊಳ್ಳಲಾಗಿದೆ.

ಹಿನ್ನೆಲೆ

ಜೀಪ್ ಚೆರೋಕಿ ಎಕ್ಸ್‌ಜೆಯನ್ನು ಅಮೆರಿಕನ್ ಮೋಟಾರ್ಸ್ ಕಾರ್ಪೊರೇಷನ್ 1984ರ ಮಾದರಿ ವರ್ಷದಲ್ಲಿ ಮಾರುಕಟ್ಟೆಗೆ ತಂದಿತು. 1987ರಲ್ಲಿ ಆ ಸಂಸ್ಥೆಯನ್ನು ಕ್ರೈಸ್ಲರ್ ಕೊಂಡುಕೊಂಡ ಬಳಿಕವೂ ಉತ್ಪಾದನೆ ಮುಂದುವರಿದು, ಅಮೆರಿಕದಲ್ಲಿ 2001ರವರೆಗೆ ನಡೆಯಿತು. 1985ರ ಮಾದರಿ ವರ್ಷದಿಂದ ಹಿಂಚಕ್ರ ಚಾಲನೆಯ ಆವೃತ್ತಿಯೂ ದೊರೆಯತೊಡಗಿತು. 1987ರ ಮಾದರಿಯಿಂದ ಬಂದ 4.0 ಲೀಟರಿನ, ಆರು ಸಿಲಿಂಡರುಗಳ ನೇರಸಾಲಿನ ಎಂಜಿನ್ ಬಾಳಿಕೆಗೆ ಹೆಸರಾಯಿತು. ದೊಡ್ಡ ಸಂಖ್ಯೆಯಲ್ಲಿ ತಯಾರಾದ ಈ ವಾಹನಕ್ಕೆ ಬಿಡಿಭಾಗಗಳು ಸುಲಭವಾಗಿ ದೊರೆಯುತ್ತವೆ.

ಎಕ್ಸ್‌ಜೆಯ ರಚನೆಯೂ ಕಡಿಮೆ ವೆಚ್ಚದ ಲಿಫ್ಟ್‌ಗೆ ಅನುಕೂಲಕರವಾಗಿದೆ. ಅನೇಕ ಎಸ್‌ಯುವಿಗಳಲ್ಲಿ ಟು-ವೀಲ್ ಡ್ರೈವ್ ಮತ್ತು ಫೋರ್-ವೀಲ್ ಡ್ರೈವ್ ಆವೃತ್ತಿಗಳ ಮುಂಭಾಗದ ಸಸ್ಪೆನ್ಷನ್ ಬೇರೆ ಬೇರೆಯಾಗಿರುತ್ತದೆ. ಎಕ್ಸ್‌ಜೆಯ ಎರಡೂ ಆವೃತ್ತಿಗಳಲ್ಲಿ ಮುಂದೆ ಕಾಯಿಲ್ ಸ್ಪ್ರಿಂಗ್‌ಗಳ ಮೇಲೆ ಕುಳಿತ, ನಾಲ್ಕು ಕಂಟ್ರೋಲ್ ಆರ್ಮ್‌ಗಳೂ ಒಂದು ಟ್ರ್ಯಾಕ್ ಬಾರ್ ಕೂಡ ಹಿಡಿದಿಡುವ ಅಖಂಡ ಆಕ್ಸಲ್ ಇದೆ. ಹಿಂಚಕ್ರ ಚಾಲನೆಯ ಆವೃತ್ತಿಯಲ್ಲಿ ಆ ಆಕ್ಸಲ್ ಡಿಫರೆನ್ಷಿಯಲ್ ಇಲ್ಲದ ಬರಿಯ ಕೊಳವೆಯಾಗಿರುತ್ತದೆ. ಹಿಂಭಾಗದಲ್ಲಿ ಎರಡಕ್ಕೂ ಲೀಫ್ ಸ್ಪ್ರಿಂಗ್‌ಗಳೇ ಇವೆ. ಆದ್ದರಿಂದ ಫೋರ್-ವೀಲ್ ಡ್ರೈವ್ ಆವೃತ್ತಿಗೆಂದು ತಯಾರಾದ ಹೆಚ್ಚಿನ ಲಿಫ್ಟ್ ಭಾಗಗಳು ಇದಕ್ಕೂ ಹೊಂದುತ್ತವೆ.

ಎಕ್ಸ್‌ಜೆಗೆ ಪ್ರತ್ಯೇಕ ಚೌಕಟ್ಟು ಇಲ್ಲ. ಒಡಲು ಮತ್ತು ಚೌಕಟ್ಟು ಒಂದಾಗಿ ಬೆಸೆದುಕೊಂಡಿವೆ. ಹೀಗಾಗಿ ಚೌಕಟ್ಟಿಗೂ ಒಡಲಿಗೂ ನಡುವೆ ತುಂಡುಗಳನ್ನಿಟ್ಟು ಎತ್ತರಿಸುವ ‘ಬಾಡಿ ಲಿಫ್ಟ್’ ಇಲ್ಲಿ ಸಾಧ್ಯವಿಲ್ಲ. ಸಸ್ಪೆನ್ಷನ್ ಮೂಲಕವೇ ಎತ್ತರಿಸಬೇಕು.

ಎತ್ತರದ ಪರಿಣಾಮ

ಲಿಫ್ಟ್‌ನಿಂದ ಮೇಲೇರುವುದು ಒಡಲು ಮತ್ತು ಅದಕ್ಕೆ ಜೋಡಿಸಿದ ಭಾಗಗಳು ಮಾತ್ರ. ಆಕ್ಸಲ್ ಇದ್ದಲ್ಲೇ ಇರುತ್ತದೆ. ಅಖಂಡ ಆಕ್ಸಲ್‌ನ ವಾಹನದಲ್ಲಿ ನೆಲಕ್ಕೆ ಅತಿ ಸಮೀಪವಿರುವ ಭಾಗ ಸಾಮಾನ್ಯವಾಗಿ ಹಿಂದಿನ ಡಿಫರೆನ್ಷಿಯಲ್‌ನ ಉಬ್ಬು. ಅದರ ಎತ್ತರವನ್ನು ನಿರ್ಧರಿಸುವುದು ಟೈರ್‌ನ ತ್ರಿಜ್ಯ. ಎಷ್ಟೇ ಉದ್ದದ ಸ್ಪ್ರಿಂಗ್ ಹಾಕಿದರೂ ಡಿಫರೆನ್ಷಿಯಲ್ ಒಂದು ಮಿಲಿಮೀಟರ್ ಕೂಡ ಮೇಲೇರುವುದಿಲ್ಲ.

ಉದಾಹರಣೆಗೆ, 225/75 ಆರ್15 ಟೈರ್‌ನ ಲೆಕ್ಕದ ವ್ಯಾಸ ಸುಮಾರು 718 ಮಿ.ಮೀ. ಅದರ ಬದಲಿಗೆ 30 ಇಂಚು, ಅಂದರೆ 762 ಮಿ.ಮೀ. ವ್ಯಾಸದ ಟೈರ್ ಹಾಕಿದರೆ ವ್ಯಾಸ 44 ಮಿ.ಮೀ.ಯಷ್ಟು ಹೆಚ್ಚಾಗುತ್ತದೆ, ಆಕ್ಸಲ್ ಮೇಲೇರುವುದು ಅದರ ಅರ್ಧ, ಅಂದರೆ 22 ಮಿ.ಮೀ. ಇದೇ ವಾಹನಕ್ಕೆ 50 ಮಿ.ಮೀ. ಲಿಫ್ಟ್ ಕೂಡ ಮಾಡಿದರೆ ಒಡಲು ಒಟ್ಟು 72 ಮಿ.ಮೀ. ಏರುತ್ತದೆ, ಡಿಫರೆನ್ಷಿಯಲ್ ಮಾತ್ರ 22 ಮಿ.ಮೀ.ಗೇ ನಿಲ್ಲುತ್ತದೆ.

ಲಿಫ್ಟ್‌ನ ನಿಜವಾದ ಲಾಭ ಕಾಣುವುದು ಮೂರು ಕೋನಗಳಲ್ಲಿ. ಏರನ್ನು ಮುಂಭಾಗ ತಾಗಿಸದೆ ಹತ್ತಲು ಸಾಧ್ಯವಾಗುವ ಗರಿಷ್ಠ ಕೋನ ಸಮೀಪನ ಕೋನ. ಇಳಿಜಾರಿನಿಂದ ಹಿಂಭಾಗ ತಾಗಿಸದೆ ಹೊರಬರುವ ಕೋನ ನಿರ್ಗಮನ ಕೋನ. ದಿಬ್ಬದ ನೆತ್ತಿಯನ್ನು ಹೊಟ್ಟೆ ತಾಗಿಸದೆ ದಾಟುವ ಕೋನ ದಿಬ್ಬದ ಕೋನ. ಎಕ್ಸ್‌ಜೆಯ ಮುಂದಿನ ಮತ್ತು ಹಿಂದಿನ ಚಕ್ರಗಳ ಕೇಂದ್ರಗಳ ನಡುವಿನ ದೂರ ಸುಮಾರು 2576 ಮಿ.ಮೀ. ನಡುಭಾಗದಲ್ಲಿ ತಳದ ಎತ್ತರ 200 ಮಿ.ಮೀ. ಇದೆಯೆಂದು ಇಟ್ಟುಕೊಂಡರೆ, ಚಕ್ರಗಳು ನೆಲ ಮುಟ್ಟುವ ಬಿಂದುಗಳಿಂದ ಅಳೆದ ದಿಬ್ಬದ ಕೋನ ಸುಮಾರು 17.6 ಡಿಗ್ರಿ ಆಗುತ್ತದೆ. ಆ ಎತ್ತರ 250 ಮಿ.ಮೀ.ಗೆ ಏರಿದರೆ ಕೋನ ಸುಮಾರು 22 ಡಿಗ್ರಿಗೆ ಹೆಚ್ಚುತ್ತದೆ.

ಹಿಡಿತದ ಮಿತಿ

ಹಿಂಚಕ್ರ ಚಾಲನೆಯ ವಾಹನ ಏರು ಹತ್ತುವಾಗ ಅದರ ಭಾರದ ಒಂದು ಪಾಲು ಹಿಂದಕ್ಕೆ ಸರಿಯುತ್ತದೆ. ಇದು ಚಾಲಕ ಚಕ್ರಗಳಿಗೆ ಅನುಕೂಲ. ಆದರೆ ಎಂಜಿನ್ ಮುಂದಿರುವುದರಿಂದ ಸಮತಟ್ಟು ನೆಲದಲ್ಲಿ ಹಿಂದಿನ ಚಕ್ರಗಳ ಮೇಲಿನ ಭಾರ ಅರ್ಧಕ್ಕಿಂತ ಕಡಿಮೆ. ಮುಂದಿನ ಚಕ್ರಗಳು ತಾವಾಗಿ ಮೇಲೆ ಹತ್ತುವುದಿಲ್ಲ. ಹಿಂದಿನ ಚಕ್ರಗಳು ಅವನ್ನು ಕಲ್ಲು ಅಥವಾ ಮೆಟ್ಟಿಲಿನ ವಿರುದ್ಧ ನೂಕಬೇಕಾಗುತ್ತದೆ.

ಒಂದು ಸರಳ ಲೆಕ್ಕದಿಂದ ಇದನ್ನು ಅರಿಯಬಹುದು. ವಾಹನದ ತೂಕ 1400 ಕೆ.ಜಿ., ಹಿಂದಿನ ಚಕ್ರಗಳ ಪಾಲು ಶೇ. 43, ಗುರುತ್ವ ಕೇಂದ್ರದ ಎತ್ತರ 700 ಮಿ.ಮೀ. ಮತ್ತು ಸಡಿಲ ಮಣ್ಣಿನ ಮೇಲೆ ಟೈರ್‌ನ ಘರ್ಷಣಾಂಕ 0.5 ಎಂದು ಭಾವಿಸೋಣ. ಎರಡೂ ಹಿಂಚಕ್ರಗಳು ಪೂರ್ಣ ಹಿಡಿತ ಪಡೆದರೂ ಆ ವಾಹನ ಹತ್ತಬಲ್ಲ ಗರಿಷ್ಠ ಏರು ಸುಮಾರು 14 ಡಿಗ್ರಿ. ಅದೇ ನೆಲದ ಮೇಲೆ ನಾಲ್ಕೂ ಚಕ್ರಗಳಿಗೆ ಚಾಲನೆ ಇದ್ದರೆ ಮಿತಿ ಸುಮಾರು 26.6 ಡಿಗ್ರಿ. ಈಗ ವಾಹನವನ್ನು ಎತ್ತರಿಸಿದ್ದರಿಂದ ಗುರುತ್ವ ಕೇಂದ್ರ 60 ಮಿ.ಮೀ. ಮೇಲೇರಿತೆಂದರೆ, ಹಿಂಚಕ್ರ ಚಾಲನೆಯ ಮಿತಿ 14ರಿಂದ ಸುಮಾರು 14.2 ಡಿಗ್ರಿಗೆ ಮಾತ್ರ ಏರುತ್ತದೆ. ಲಿಫ್ಟ್ ಮಾಡದೆ, ಹಿಂದಿನ ಆಕ್ಸಲ್‌ನ ನೇರಕ್ಕೆ 100 ಕೆ.ಜಿ. ಸಾಮಾನು ಹೇರಿದರೆ, ಗುರುತ್ವ ಕೇಂದ್ರದ ಎತ್ತರ ಬದಲಾಗದಿದ್ದ ಪಕ್ಷದಲ್ಲಿ, ಮಿತಿ ಸುಮಾರು 15 ಡಿಗ್ರಿಗೆ ತಲಪುತ್ತದೆ. ಅಂದರೆ ಏರು ಹತ್ತುವ ಸಾಮರ್ಥ್ಯದ ಮಟ್ಟಿಗೆ ಹಿಂದೆ ಇಟ್ಟ ಭಾರವು ಲಿಫ್ಟ್‌ಗಿಂತ ಹೆಚ್ಚು ಫಲ ಕೊಡುತ್ತದೆ.

ವಾಸ್ತವದಲ್ಲಿ ಇನ್ನೊಂದು ಅಡಚಣೆ ಎದುರಾಗುತ್ತದೆ. ಸಾಮಾನ್ಯ ಡಿಫರೆನ್ಷಿಯಲ್ ಎರಡೂ ಚಕ್ರಗಳಿಗೆ ಸಮಾನ ತಿರುಚುಬಲವನ್ನು ಕೊಡುತ್ತದೆ. ಒಂದು ಚಕ್ರ ಗಾಳಿಯಲ್ಲಿ ತೇಲಿದರೆ ಅದನ್ನು ತಿರುಗಿಸಲು ಬೇಕಾಗುವ ಬಲ ಅತ್ಯಲ್ಪ. ಇನ್ನೊಂದು ಚಕ್ರಕ್ಕೆ ದೊರೆಯುವುದೂ ಅಷ್ಟೇ. ಆದ್ದರಿಂದ ಒಂದು ಹಿಂಚಕ್ರ ಎದ್ದ ಕೂಡಲೇ ವಾಹನ ನಿಂತುಬಿಡುತ್ತದೆ. ಎರಡೂ ಚಕ್ರಗಳನ್ನು ಒಟ್ಟಿಗೆ ತಿರುಗಿಸುವ ಲಾಕರ್ ಅಥವಾ ಭಾಗಶಃ ಆ ಕೆಲಸ ಮಾಡುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಇದಕ್ಕೆ ಪರಿಹಾರ.

ಎತ್ತರಿಸುವ ವಿಧಾನಗಳು

ಹೊಸ ಸ್ಪ್ರಿಂಗ್‌ಗಳು: ಇಪ್ಪತ್ತು ಮೂವತ್ತು ವರ್ಷ ದುಡಿದ ಸ್ಪ್ರಿಂಗ್‌ಗಳು, ಮುಖ್ಯವಾಗಿ ಹಿಂದಿನ ಲೀಫ್ ಸ್ಪ್ರಿಂಗ್‌ಗಳು, ಕುಸಿದು ಚಪ್ಪಟೆಯಾಗಿರುತ್ತವೆ. ಮೂಲ ಅಳತೆಯ ಹೊಸ ಸ್ಪ್ರಿಂಗ್ ಹಾಕಿದರೆ ಕಳೆದುಹೋದ ಎತ್ತರ ಮರಳುತ್ತದೆ. ಹೀಗಾಗಿ ಯಾವುದೇ ಲಿಫ್ಟ್‌ಗೆ ಮುನ್ನ ಚಕ್ರದ ಕೇಂದ್ರದಿಂದ ಮಡ್‌ಗಾರ್ಡ್‌ನ ಅಂಚಿನವರೆಗಿನ ದೂರವನ್ನು ನಾಲ್ಕೂ ಕಡೆ ಅಳೆದು ಬರೆದಿಟ್ಟುಕೊಳ್ಳುವುದು ರೂಢಿ.

ಕಾಯಿಲ್ ಸ್ಪೇಸರ್: ಮುಂದಿನ ಕಾಯಿಲ್ ಸ್ಪ್ರಿಂಗ್‌ನ ಮೇಲೆ ಪಾಲಿಯುರೆಥೇನ್ ಅಥವಾ ಲೋಹದ ಬಿಲ್ಲೆಯನ್ನು ಕೂರಿಸುವ ವಿಧಾನ. ಎಕ್ಸ್‌ಜೆಯಲ್ಲಿ ಸಾಮಾನ್ಯವಾಗಿ ಎರಡು ಇಂಚಿನವರೆಗೆ ಇದನ್ನು ಬಳಸುತ್ತಾರೆ. ಸ್ಪ್ರಿಂಗ್‌ನ ಬಿಗಿತ ಬದಲಾಗದ ಕಾರಣ ಸವಾರಿಯ ಗುಣ ಹೆಚ್ಚುಕಡಿಮೆ ಮೊದಲಿನಂತೆಯೇ ಉಳಿಯುತ್ತದೆ. ಅತಿ ಕಡಿಮೆ ಖರ್ಚಿನ ವಿಧಾನ ಇದು. ಆದರೆ ಕುಸಿದ ಸ್ಪ್ರಿಂಗ್‌ನ ಮೇಲೆ ಸ್ಪೇಸರ್ ಇಟ್ಟರೆ ಕುಸಿತ ಮರೆಯಾಗುತ್ತದೆಯೇ ಹೊರತು ಸರಿಹೋಗುವುದಿಲ್ಲ.

ಉದ್ದದ ಕಾಯಿಲ್: ಮೂರು ಇಂಚು ಅಥವಾ ಅದಕ್ಕಿಂತ ಹೆಚ್ಚಿನ ಎತ್ತರಕ್ಕೆ ಹೊಸ, ಉದ್ದನೆಯ ಕಾಯಿಲ್‌ಗಳು ಬೇಕು. ಹಿಂಚಕ್ರ ಚಾಲನೆಯ ವಾಹನದಲ್ಲಿ ಟ್ರಾನ್ಸ್‌ಫರ್ ಕೇಸ್‌ನ ಭಾರ ಇಲ್ಲದ್ದರಿಂದ, ಫೋರ್-ವೀಲ್ ಡ್ರೈವ್‌ಗೆಂದು ಮಾಡಿದ ಕಾಯಿಲ್‌ಗಳು ಹೇಳಿದ್ದಕ್ಕಿಂತ ಸ್ವಲ್ಪ ಹೆಚ್ಚು ಎತ್ತರ ಕೊಡಬಹುದು.

ಉದ್ದದ ಶ್ಯಾಕಲ್: ಲೀಫ್ ಸ್ಪ್ರಿಂಗ್‌ನ ಹಿಂದಿನ ತುದಿಯನ್ನು ಒಡಲಿಗೆ ಜೋಡಿಸುವ ತೂಗುಕೊಂಡಿ ಶ್ಯಾಕಲ್. ಇದನ್ನು ಉದ್ದಗೊಳಿಸಿದಾಗ ಒಡಲು ಏರುವುದು ಹೆಚ್ಚಿಸಿದ ಉದ್ದದ ಸುಮಾರು ಅರ್ಧದಷ್ಟು. ಎರಡು ಇಂಚು ಉದ್ದ ಹೆಚ್ಚಾದರೆ ಎತ್ತರ ಒಂದು ಇಂಚು. ಆಕ್ಸಲ್ ಸ್ವಲ್ಪ ತಿರುಗುವುದರಿಂದ ಪ್ರೊಪೆಲ್ಲರ್ ಶಾಫ್ಟ್‌ನ ಕೋನವೂ ಬದಲಾಗುತ್ತದೆ. ತೀರ ಉದ್ದನೆಯ ಶ್ಯಾಕಲ್ ವಾಹನವನ್ನು ಅಡ್ಡಡ್ಡ ಓಲಾಡಿಸುತ್ತದೆ.

ಹೆಚ್ಚುವರಿ ಪಟ್ಟಿ: ಇರುವ ಲೀಫ್ ಸ್ಪ್ರಿಂಗ್ ಕಟ್ಟಿಗೆ ಹೆಚ್ಚು ಬಾಗಿದ ಇನ್ನೊಂದು ಪಟ್ಟಿಯನ್ನು ಸೇರಿಸುವ ವಿಧಾನ. ಎತ್ತರದ ಜೊತೆಗೆ ಭಾರ ಹೊರುವ ಶಕ್ತಿಯೂ ಹೆಚ್ಚುತ್ತದೆ. ಗಿಡ್ಡ ಪಟ್ಟಿಯಿಂದ ಸವಾರಿ ಬಿರುಸಾಗುತ್ತದೆ. ಕಟ್ಟಿನ ಬಹುಪಾಲು ಉದ್ದಕ್ಕೂ ಚಾಚುವ ಪಟ್ಟಿ ಇದಕ್ಕಿಂತ ಮೃದು. ಕಟ್ಟನ್ನು ಬಿಚ್ಚಿದಾಗ ಹಳೆಯ ಯು-ಬೋಲ್ಟ್‌ಗಳನ್ನು ಮರುಬಳಸದೆ ಹೊಸವನ್ನು ಹಾಕಬೇಕು, ಏಕೆಂದರೆ ಒಮ್ಮೆ ಬಿಗಿದ ಬೋಲ್ಟ್ ಹಿಗ್ಗಿರುತ್ತದೆ.

ಬ್ಲಾಕ್: ಆಕ್ಸಲ್‌ಗೂ ಲೀಫ್ ಸ್ಪ್ರಿಂಗ್‌ಗೂ ನಡುವೆ ಲೋಹದ ಗಟ್ಟಿಯನ್ನು ಇಡುವ ವಿಧಾನ. ಅಗ್ಗವಾದರೂ ವೇಗ ಹೆಚ್ಚಿಸುವಾಗ ಆಕ್ಸಲ್ ಸ್ಪ್ರಿಂಗ್‌ನ್ನು ತಿರುಚುವ ಪ್ರವೃತ್ತಿ ಇದರಿಂದ ಬಲಗೊಳ್ಳುತ್ತದೆ. ಒಂದರ ಮೇಲೊಂದು ಬ್ಲಾಕ್ ಪೇರಿಸುವುದೂ ಸ್ಟಿಯರಿಂಗ್ ಇರುವ ಮುಂದಿನ ಆಕ್ಸಲ್‌ನಲ್ಲಿ ಬ್ಲಾಕ್ ಬಳಸುವುದೂ ಅಪಾಯಕರ.

ಎಕ್ಸ್‌ಜೆಯ ಹಿಂಚಕ್ರ ಚಾಲನೆಯ ಆವೃತ್ತಿಗೆ ಲಿಫ್ಟ್‌ನ ವಿಷಯದಲ್ಲಿ ಒಂದು ಅನುಕೂಲವಿದೆ. ಟ್ರಾನ್ಸ್‌ಫರ್ ಕೇಸ್ ಇಲ್ಲದ್ದರಿಂದ ಹಿಂದಿನ ಪ್ರೊಪೆಲ್ಲರ್ ಶಾಫ್ಟ್ ಉದ್ದವಾಗಿರುತ್ತದೆ. ಅಷ್ಟೇ ಎತ್ತರಕ್ಕೆ ಉದ್ದನೆಯ ಶಾಫ್ಟ್‌ನ ಕೋನ ಕಡಿಮೆ ಬದಲಾಗುವುದರಿಂದ, ಫೋರ್-ವೀಲ್ ಡ್ರೈವ್ ಆವೃತ್ತಿಯಲ್ಲಿ ಮೂರು ಇಂಚಿನ ಲಿಫ್ಟ್ ಬಳಿಕ ಕಾಣಿಸಿಕೊಳ್ಳುವ ಶಾಫ್ಟ್ ಕಂಪನ ಇಲ್ಲಿ ಕಡಿಮೆ.

ಜೊತೆಗೆ ಬೇಕಾದ ಹೊಂದಾಣಿಕೆಗಳು

ಸ್ಪ್ರಿಂಗ್ ಬದಲಿಸಿ ಉಳಿದದ್ದನ್ನು ಹಾಗೆಯೇ ಬಿಡುವುದು ಕಡಿಮೆ ಖರ್ಚಿನ ಲಿಫ್ಟ್‌ಗಳಲ್ಲಿ ಸಾಮಾನ್ಯವಾಗಿ ಕಾಣುವ ದೋಷ. ಒಡಲು ಮೇಲೇರಿದಾಗ ಅದಕ್ಕೂ ಆಕ್ಸಲ್‌ಗೂ ನಡುವಿನ ಪ್ರತಿಯೊಂದು ಕೊಂಡಿಯ ಉದ್ದ ಅಥವಾ ಕೋನ ಬದಲಾಗುತ್ತದೆ.

ಶಾಕ್ ಅಬ್ಸಾರ್ಬರ್: ಮೂಲ ಶಾಕ್ ಅಬ್ಸಾರ್ಬರ್ ಚಿಕ್ಕದಾಗಿ, ಚಕ್ರ ಪೂರ್ತಿ ಇಳಿಯುವ ಮೊದಲೇ ತುದಿ ಮುಟ್ಟುತ್ತದೆ. ಹೊಸ ಎತ್ತರಕ್ಕೆ ತಕ್ಕ ಉದ್ದದವು ಬೇಕು.

ಬ್ರೇಕ್ ಹೋಸ್: ಚಕ್ರ ಪೂರ್ತಿ ಇಳಿದಾಗ ಬ್ರೇಕ್ ಹೋಸ್ ಬಿಗಿಯಾಗಿ ಎಳೆದುಕೊಳ್ಳಬಾರದು. ಎಳೆದುಕೊಂಡ ಹೋಸ್ ಹರಿದರೆ ಬ್ರೇಕ್ ವಿಫಲವಾಗುತ್ತದೆ. ಹಿಂದಿನ ಆಕ್ಸಲ್‌ಗೆ ಸರಳಿನಿಂದ ಜೋಡಿಸಿದ, ಭಾರಕ್ಕೆ ತಕ್ಕಂತೆ ಹಿಂದಿನ ಬ್ರೇಕ್ ಒತ್ತಡ ನಿಯಂತ್ರಿಸುವ ವಾಲ್ವ್ ಇರುವ ವಾಹನಗಳಲ್ಲಿ ಆ ಸರಳನ್ನೂ ಹೊಂದಿಸಬೇಕು. ಇಲ್ಲವಾದರೆ ಎತ್ತರಿಸಿದ ವಾಹನವನ್ನು ಅದು ಖಾಲಿ ವಾಹನವೆಂದು ಪರಿಗಣಿಸಿ ಹಿಂದಿನ ಬ್ರೇಕನ್ನು ತಗ್ಗಿಸುತ್ತದೆ.

ಬಂಪ್ ಸ್ಟಾಪ್: ದೊಡ್ಡ ಟೈರ್ ಮಡ್‌ಗಾರ್ಡ್‌ಗೆ ಬಡಿಯದಂತೆ ಮತ್ತು ಶಾಕ್ ಅಬ್ಸಾರ್ಬರ್ ತಳ ಮುಟ್ಟದಂತೆ ತಡೆಯಲು ಬಂಪ್ ಸ್ಟಾಪ್‌ಗಳನ್ನು ಉದ್ದಗೊಳಿಸುತ್ತಾರೆ.

ಟ್ರ್ಯಾಕ್ ಬಾರ್: ಮುಂದಿನ ಆಕ್ಸಲ್ ಪಕ್ಕಕ್ಕೆ ಸರಿಯದಂತೆ ಹಿಡಿಯುವ ಈ ಸರಳಿನ ಒಂದು ತುದಿ ಒಡಲಿಗೂ ಇನ್ನೊಂದು ಆಕ್ಸಲ್‌ಗೂ ಜೋಡಣೆಯಾಗಿರುತ್ತದೆ. ಒಡಲು ಏರಿದಂತೆ ಸರಳು ಹೆಚ್ಚು ಓರೆಯಾಗಿ, ಅದರ ಅಡ್ಡಳತೆ ಕುಗ್ಗುತ್ತದೆ. ಆಕ್ಸಲ್ ಒಂದು ಬದಿಗೆ ಸರಿಯುತ್ತದೆ. ಅಮೆರಿಕದ ಎಕ್ಸ್‌ಜೆಯಲ್ಲಿ ಅದು ಚಾಲಕನ ಬದಿ. ಉದ್ದ ಹೊಂದಿಸಬಹುದಾದ ಟ್ರ್ಯಾಕ್ ಬಾರ್ ಅಥವಾ ಆಕ್ಸಲ್ ಬದಿಯಲ್ಲಿ ಸ್ಥಳಾಂತರಿಸಿದ ರಂಧ್ರ ಇದನ್ನು ಸರಿಪಡಿಸುತ್ತದೆ.

ಕ್ಯಾಸ್ಟರ್: ಸ್ಟಿಯರಿಂಗ್ ತಾನಾಗಿ ನೇರಕ್ಕೆ ಮರಳಲು ನೆರವಾಗುವ, ತಿರುಗು ಅಕ್ಷದ ಹಿಂಬಾಗಿನ ಕೋನ ಕ್ಯಾಸ್ಟರ್. ಎಕ್ಸ್‌ಜೆಯ ಗಿಡ್ಡ ಕಂಟ್ರೋಲ್ ಆರ್ಮ್‌ಗಳು ಲಿಫ್ಟ್ ಬಳಿಕ ಕೆಳಮುಖವಾಗಿ ತಿರುಗಿ ಈ ಕೋನವನ್ನು ತಗ್ಗಿಸುತ್ತವೆ. ಕೆಳಗಿನ ಆರ್ಮ್‌ಗಳ ಬುಡದಲ್ಲಿ ತೆಳು ಬಿಲ್ಲೆಗಳನ್ನು ಹಾಕಿ ಅಥವಾ ಸ್ವಲ್ಪ ಉದ್ದದ ಆರ್ಮ್‌ಗಳನ್ನು ಅಳವಡಿಸಿ ಅದನ್ನು ಮರಳಿ ಪಡೆಯುತ್ತಾರೆ.

ಈ ಎಲ್ಲದರ ಬಳಿಕ ಸ್ವೇ ಬಾರ್ ಕೊಂಡಿಗಳನ್ನು ಉದ್ದಗೊಳಿಸಿ, ವೀಲ್ ಅಲೈನ್‌ಮೆಂಟ್ ಮಾಡಿಸುವುದು ಕಡ್ಡಾಯವೆಂದೇ ಹೇಳಬಹುದು.

ಡೆತ್ ವಾಬಲ್

ಅಖಂಡ ಮುಂದಿನ ಆಕ್ಸಲ್ ಇರುವ ವಾಹನಗಳಲ್ಲಿ, ವೇಗವಾಗಿ ಹೋಗುವಾಗ ಗುಂಡಿಯೋ ಉಬ್ಬೋ ಎದುರಾದ ಕೂಡಲೇ ಮುಂದಿನ ಚಕ್ರಗಳು ಎಡಬಲಕ್ಕೆ ಬಿರುಸಾಗಿ ನಡುಗತೊಡಗುವುದುಂಟು. ಇದನ್ನು ಡೆತ್ ವಾಬಲ್ ಎನ್ನುತ್ತಾರೆ. ವೇಗ ತಗ್ಗಿಸುವವರೆಗೆ ನಡುಕ ನಿಲ್ಲುವುದಿಲ್ಲ. ಸವೆದ ಟ್ರ್ಯಾಕ್ ಬಾರ್ ಬುಷ್, ಸಡಿಲಗೊಂಡ ಟೈ ರಾಡ್ ಎಂಡ್ ಅಥವಾ ಬಾಲ್ ಜಾಯಿಂಟ್, ಸಮತೋಲ ತಪ್ಪಿದ ಟೈರ್ ಮತ್ತು ತಗ್ಗಿದ ಕ್ಯಾಸ್ಟರ್ ಇದರ ಸಾಮಾನ್ಯ ಕಾರಣಗಳು. ಲಿಫ್ಟ್ ಈ ದೋಷಗಳನ್ನು ಹುಟ್ಟಿಸುವುದಕ್ಕಿಂತ ಹೆಚ್ಚಾಗಿ, ಇದ್ದ ದೋಷಗಳನ್ನು ಹೊರಗೆಡಹುತ್ತದೆ. ಸ್ಟಿಯರಿಂಗ್ ಡ್ಯಾಂಪರ್ ಬದಲಿಸಿದರೆ ನಡುಕ ಕೆಲಕಾಲ ಮರೆಯಾಗುತ್ತದೆ, ಮೂಲ ಕಾರಣ ಉಳಿದೇ ಇರುತ್ತದೆ.

ಟೈರ್ ಮತ್ತು ಗೇರ್

ಎಕ್ಸ್‌ಜೆಯಲ್ಲಿ ಎರಡು ಇಂಚಿನ ಲಿಫ್ಟ್‌ಗೆ 30 ಇಂಚಿನ ಟೈರ್, ಮೂರು ಇಂಚಿನ ಲಿಫ್ಟ್‌ಗೆ ಮಡ್‌ಗಾರ್ಡ್‌ನ ಅಂಚನ್ನು ಸ್ವಲ್ಪ ಕತ್ತರಿಸಿ 31 ಇಂಚಿನ ಟೈರ್ ಹೊಂದಿಸುವುದು ವಾಡಿಕೆ. ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿದಾಗ ಟೈರ್ ಕಂಟ್ರೋಲ್ ಆರ್ಮ್‌ಗೆ ಉಜ್ಜದಂತೆ ತಿರುವಿನ ಮಿತಿಯನ್ನು ತುಸು ಕಡಿಮೆ ಮಾಡಬೇಕಾಗಬಹುದು.

ದೊಡ್ಡ ಟೈರ್ ಗೇರ್ ಅನುಪಾತವನ್ನು ಪರೋಕ್ಷವಾಗಿ ಬದಲಿಸುತ್ತದೆ. 718 ಮಿ.ಮೀ. ವ್ಯಾಸದಿಂದ 787 ಮಿ.ಮೀ., ಅಂದರೆ 31 ಇಂಚಿಗೆ ಹೋದರೆ ವ್ಯತ್ಯಾಸ ಸುಮಾರು ಶೇ. 9.6. ಆಕ್ಸಲ್ ಅನುಪಾತ 3.55 ಇದ್ದಲ್ಲಿ ಅದು 3.24 ಇದ್ದಂತೆ ವರ್ತಿಸುತ್ತದೆ, ಎಳೆತ ಕುಗ್ಗುತ್ತದೆ. ಮೊದಲು ಸರಿಯಾಗಿದ್ದ ಸ್ಪೀಡೋಮೀಟರ್ ಗಂಟೆಗೆ 100 ಕಿ.ಮೀ. ತೋರಿಸುವಾಗ ನಿಜವಾದ ವೇಗ ಸುಮಾರು 110 ಕಿ.ಮೀ. ಆಗಿರುತ್ತದೆ. ನಿಧಾನವಾಗಿ ಚಲಿಸಲು ನೆರವಾಗುವ ಲೋ ರೇಂಜ್ ಗೇರ್ ಟು-ವೀಲ್ ಡ್ರೈವ್ ವಾಹನದಲ್ಲಿ ಇಲ್ಲದ್ದರಿಂದ ಈ ನಷ್ಟ ಹೆಚ್ಚಾಗಿಯೇ ತೋರುತ್ತದೆ.

ಟೈರ್‌ನ ಗಾಳಿ ಒತ್ತಡವನ್ನು ಇಳಿಸುವುದು ಖರ್ಚಿಲ್ಲದ ಉಪಾಯ. ಸುಮಾರು 30 ಪಿಎಸ್‌ಐ ಇರುವ ಒತ್ತಡವನ್ನು ಮರಳಿನಲ್ಲಿ 18ರಿಂದ 20 ಪಿಎಸ್‌ಐಗೆ ಇಳಿಸಿದರೆ ಟೈರ್ ನೆಲವನ್ನು ಮುಟ್ಟುವ ಭಾಗ ಉದ್ದವಾಗಿ, ಹೂತುಹೋಗುವುದು ಕಡಿಮೆಯಾಗುತ್ತದೆ. ಡಾಂಬರು ರಸ್ತೆಗೆ ಮರಳುವ ಮುನ್ನ ಮತ್ತೆ ಗಾಳಿ ತುಂಬಬೇಕು; ಕಡಿಮೆ ಒತ್ತಡದಲ್ಲಿ ವೇಗವಾಗಿ ಓಡಿದ ಟೈರ್ ಬಿಸಿಯಾಗಿ ಸಿಡಿಯಬಹುದು.

ವೆಚ್ಚದ ಆದ್ಯತೆ

ಮಿತವಾದ ಹಣದಲ್ಲಿ ಟು-ವೀಲ್ ಡ್ರೈವ್ ವಾಹನವನ್ನು ಸಜ್ಜುಗೊಳಿಸುವಾಗ ಕೆಳಗಿನ ಕ್ರಮ ತರ್ಕಬದ್ಧವಾಗಿದೆ.

1. ಸವೆದ ಬುಷ್, ಬಾಲ್ ಜಾಯಿಂಟ್, ಟೈ ರಾಡ್ ಎಂಡ್ ಮತ್ತು ಬ್ರೇಕ್ ಭಾಗಗಳ ದುರಸ್ತಿ.
2. ಮುಂದೆ ಮತ್ತು ಹಿಂದೆ ವಾಹನವನ್ನು ಎಳೆಯಲು ಭದ್ರವಾದ ಕೊಕ್ಕೆಗಳು, ಗಾಳಿ ತುಂಬುವ ಪಂಪು, ಸಲಿಕೆ.
3. ಮೂಲ ಅಳತೆಯಲ್ಲಿ ಅಥವಾ ಒಂದು ಹೆಜ್ಜೆ ದೊಡ್ಡದಾದ, ಆಳವಾದ ಗೀರುಗಳ ಆಲ್-ಟೆರೇನ್ ಟೈರ್‌ಗಳು.
4. ಎರಡು ಇಂಚಿನ ಆಸುಪಾಸಿನ ಲಿಫ್ಟ್, ತಕ್ಕ ಉದ್ದದ ಶಾಕ್ ಅಬ್ಸಾರ್ಬರ್‌ಗಳೊಂದಿಗೆ.
5. ಹಿಂದಿನ ಡಿಫರೆನ್ಷಿಯಲ್‌ಗೆ ಲಾಕರ್ ಅಥವಾ ಲಿಮಿಟೆಡ್ ಸ್ಲಿಪ್.

ನೆಲ ಸಮತಟ್ಟಾಗಿದ್ದು ಮರಳು, ಕೆಸರು ಹೆಚ್ಚಿರುವ ಪ್ರದೇಶದಲ್ಲಿ ಲಾಕರ್ ನಾಲ್ಕನೆಯ ಸ್ಥಾನಕ್ಕೆ ಬರಬಹುದು. ಮೂರು ಇಂಚಿನ ಆಚೆಗೆ ಪ್ರತಿ ಇಂಚಿಗೂ ಕಂಟ್ರೋಲ್ ಆರ್ಮ್, ಸ್ಟಿಯರಿಂಗ್ ಕೊಂಡಿ ಮೊದಲಾದವುಗಳ ಬದಲಾವಣೆ ಸೇರಿಕೊಂಡು ಖರ್ಚು ಬೇಗನೆ ಏರುತ್ತದೆ. ಆ ಮಟ್ಟದ ಹಾದಿಗಳಿಗೆ ಫೋರ್-ವೀಲ್ ಡ್ರೈವ್ ವಾಹನವನ್ನೇ ಕೊಳ್ಳುವುದು ಹಲವು ಸಲ ಅಗ್ಗವಾಗುತ್ತದೆ.

ಇತರ ಬಗೆಯ ಸಸ್ಪೆನ್ಷನ್‌ಗಳು

ಮುಂದೆ ಸ್ವತಂತ್ರ ಸಸ್ಪೆನ್ಷನ್ ಇರುವ ವಾಹನಗಳಲ್ಲಿ ಕ್ರಮ ಬೇರೆ. ಟಾರ್ಷನ್ ಬಾರ್ ಇದ್ದಲ್ಲಿ ಅದರ ಹೊಂದಾಣಿಕೆ ಬೋಲ್ಟನ್ನು ಬಿಗಿಗೊಳಿಸಿ, ಖರ್ಚಿಲ್ಲದೆ ಒಂದು ಇಂಚಿನಷ್ಟು ಎತ್ತರ ಪಡೆಯಬಹುದು. ಆದರೆ ಚಕ್ರ ಕೆಳಗಿಳಿಯುವ ಅವಕಾಶ ಅಷ್ಟೇ ಕಡಿಮೆಯಾಗಿ ಸವಾರಿ ಬಿರುಸಾಗುತ್ತದೆ. ಟು-ವೀಲ್ ಡ್ರೈವ್‌ನಲ್ಲಿ ಮುಂಚಕ್ರಗಳಿಗೆ ಚಾಲಕ ಶಾಫ್ಟ್ ಇಲ್ಲದ್ದರಿಂದ ಸಿ.ವಿ. ಜಾಯಿಂಟ್‌ನ ಕೋನದ ಚಿಂತೆ ಇರುವುದಿಲ್ಲ. ಬಾಲ್ ಜಾಯಿಂಟ್‌ನ ಕೋನವೇ ಮಿತಿ.

ಹಿಂಚಕ್ರ ಚಾಲನೆಯ ವಾಹನಗಳಲ್ಲಿ ಮಾತ್ರ ಸಾಧ್ಯವಿರುವ ಇನ್ನೊಂದು ವಿಧಾನ ಲಿಫ್ಟ್ ಸ್ಪಿಂಡಲ್. ಚಕ್ರವನ್ನು ಹೊರುವ ಸ್ಪಿಂಡಲ್‌ನಲ್ಲಿ ಅಕ್ಷದ ಸ್ಥಾನವನ್ನು ಕೆಳಕ್ಕೆ ಇಳಿಸಲಾಗುತ್ತದೆ. ಕಂಟ್ರೋಲ್ ಆರ್ಮ್‌ಗಳ ಕೋನ ಬದಲಾಗದೆ ಒಡಲು ಏರುತ್ತದೆ. ಫೋರ್ಡ್‌ನ ಹಳೆಯ ಟ್ವಿನ್ ಐ-ಬೀಮ್ ಸಸ್ಪೆನ್ಷನ್‌ನಲ್ಲಿ ಸ್ಪ್ರಿಂಗ್ ಎತ್ತರಿಸಿದರೆ ಚಕ್ರಗಳ ಮೇಲ್ತುದಿ ಹೊರಕ್ಕೆ ವಾಲುತ್ತದೆ. ಅದನ್ನು ಕ್ಯಾಂಬರ್ ಬುಷ್ ಅಥವಾ ತಗ್ಗಿಸಿದ ಬ್ರ್ಯಾಕೆಟ್‌ಗಳಿಂದ ತಿದ್ದಬೇಕು.

ಸುರಕ್ಷತೆ ಮತ್ತು ಕಾನೂನು

ಎತ್ತರ ಹೆಚ್ಚಿದಷ್ಟೂ ವಾಹನ ಮಗುಚುವ ಸಾಧ್ಯತೆ ಹೆಚ್ಚುತ್ತದೆ. ಎಡಬಲ ಚಕ್ರಗಳ ನಡುವಿನ ಅಂತರವನ್ನು ಗುರುತ್ವ ಕೇಂದ್ರದ ಎತ್ತರದ ಎರಡರಷ್ಟರಿಂದ ಭಾಗಿಸಿದಾಗ ಬರುವ ಸಂಖ್ಯೆಯನ್ನು ಸ್ಥಿರತಾ ಅಂಶ ಎನ್ನುತ್ತಾರೆ. ಅಮೆರಿಕದ ರಾಷ್ಟ್ರೀಯ ಹೆದ್ದಾರಿ ಸಂಚಾರ ಸುರಕ್ಷತಾ ಆಡಳಿತವು ಮಗುಚುವಿಕೆಯ ಶ್ರೇಣಿ ನೀಡುವಾಗ ಇದನ್ನು ಬಳಸುತ್ತದೆ. ಅಂತರ 1473 ಮಿ.ಮೀ., ಗುರುತ್ವ ಕೇಂದ್ರ 700 ಮಿ.ಮೀ. ಎತ್ತರದಲ್ಲಿದ್ದರೆ ಈ ಅಂಶ 1.05. ಗುರುತ್ವ ಕೇಂದ್ರ 760 ಮಿ.ಮೀ.ಗೆ ಏರಿದರೆ ಅದು 0.97ಕ್ಕೆ ಇಳಿಯುತ್ತದೆ. ಏರು ಹತ್ತುವ ಸಾಮರ್ಥ್ಯಕ್ಕೆ ಅತ್ಯಲ್ಪ ಲಾಭ ತಂದ ಅದೇ 60 ಮಿ.ಮೀ. ಇಲ್ಲಿ ಗಣನೀಯ ನಷ್ಟ ಉಂಟುಮಾಡುತ್ತದೆ. ಛಾವಣಿಯ ಮೇಲೆ ಸಾಮಾನು ಹೇರಿದರೆ ಈ ಅಂಶ ಮತ್ತಷ್ಟು ತಗ್ಗುತ್ತದೆ.

ಕೆಲಸ ಮಾಡುವಾಗ ವಾಹನವನ್ನು ಜಾಕ್ ಒಂದರ ಮೇಲೆಯೇ ನಿಲ್ಲಿಸದೆ ಭದ್ರವಾದ ಸ್ಟ್ಯಾಂಡ್‌ಗಳ ಮೇಲೆ ಇರಿಸಬೇಕು. ಒತ್ತಿ ಹಿಡಿದ ಕಾಯಿಲ್ ಸ್ಪ್ರಿಂಗ್ ಸಿಡಿದರೆ ಪ್ರಾಣಾಪಾಯವಾಗಬಹುದು.

ಅಮೆರಿಕದಲ್ಲಿ ಲಿಫ್ಟ್‌ನ ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗಿವೆ. ಕೆಲವು ರಾಜ್ಯಗಳು ಬಂಪರ್ ಅಥವಾ ಚೌಕಟ್ಟಿನ ಎತ್ತರಕ್ಕೆ ಮಿತಿ ಹಾಕಿವೆ. ಭಾರತದಲ್ಲಿ ಮೋಟಾರು ವಾಹನಗಳ ಕಾಯ್ದೆ, 1988ರ 52ನೇ ಸೆಕ್ಷನ್ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲತಃ ನಿಗದಿಪಡಿಸಿದ್ದಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಈ ನಿಲುವನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಸೆಕ್ಷನ್, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5000 ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ವಿಧಿಸಲು ಅವಕಾಶ ಕೊಡುತ್ತದೆ. ಆದ್ದರಿಂದ ಕರ್ನಾಟಕ ಸೇರಿದಂತೆ ಭಾರತದ ಸಾರ್ವಜನಿಕ ರಸ್ತೆಗಳಲ್ಲಿ ಓಡಿಸುವ ವಾಹನವನ್ನು ಎತ್ತರಿಸುವ ಮುನ್ನ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸಬೇಕಾಗುತ್ತದೆ. ಸವೆದ ಭಾಗಗಳನ್ನು ತಯಾರಕರ ಅಳತೆಯವುಗಳಿಂದಲೇ ಬದಲಿಸುವುದು ದುರಸ್ತಿಯೇ ಹೊರತು ಮಾರ್ಪಾಡಲ್ಲ.